ಕರಂಜೆವಾಡದ ದಾರಿಗೆ ಒಂದು ಗಾಡಿ

ಮನ್ಸೂರ ಮೂವತ್ತು ವರ್ಷದಿಂದ ದಾಂಡೇಲಿಯಲ್ಲಿ ಮೋಟಾರ್ ಸೈಕಲ್ ರಿಪೇರಿ ಮಾಡುತ್ತಿದ್ದ. ಅವನ ಗ್ಯಾರೇಜಿನ ತಗಡಿನ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಒಂದೇ ಒಂದು ಸಾಲು ಬರೆದಿತ್ತು: ‘ಇಲ್ಲಿ ಸೈಲೆನ್ಸರ್ ತೂತು ಮಾಡುವುದಿಲ್ಲ.’ ಊರಿನ ಹುಡುಗರು ಸದ್ದು ಜೋರಾಗಲೆಂದು ಸೈಲೆನ್ಸರಿಗೆ ತೂತು ಹಾಕಿಸುತ್ತಿದ್ದ ಕಾಲ ಅದು. ಹಾಗೆ ಬಂದವರನ್ನೆಲ್ಲ ಅವನು ಬೈದು ಕಳಿಸುತ್ತಿದ್ದ. ಗಾಡಿ ಹೇಗೆ ತಯಾರಾಗಿ ಬಂದಿದೆಯೋ ಹಾಗೇ ಇರಬೇಕು, ಮೆಕ್ಯಾನಿಕ್ಕನ ಕೆಲಸ ಅದನ್ನು ಹಾಗೆ ಇಡುವುದು ಮಾತ್ರ, ಎಂಬುದು ಅವನ ನಂಬಿಕೆ.

ಎರಡು ಸಾವಿರದ ಒಂದನೇ ಇಸವಿಯ ಮಾರ್ಚ್ ತಿಂಗಳ ಒಂದು ಭಾನುವಾರ ಕುಬೇರ ಅವನ ಗ್ಯಾರೇಜಿಗೆ ಬಂದ. ಕುಬೇರನಿಗೆ ಇಪ್ಪತ್ತೊಂಬತ್ತು ವರ್ಷ. ಊರು ಮುಂಡಗೋಡ ಹತ್ತಿರದ ಒಂದು ತಾಂಡಾ. ಜೋಯಿಡಾ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ ಸರಕಾರಿ ಪಶು ಚಿಕಿತ್ಸಾಲಯ, ಅಲ್ಲಿ ಜಾನುವಾರು ಇನ್ಸ್‌ಪೆಕ್ಟರ್ ಕೆಲಸ. ಜನ ಅವನನ್ನು ‘ದನದ ಡಾಕ್ಟ್ರು’ ಎನ್ನುತ್ತಿದ್ದರು. ತಾನು ಡಾಕ್ಟರಲ್ಲ ಎಂದು ಮೊದಮೊದಲು ತಿದ್ದುತ್ತಿದ್ದವನು ಆಮೇಲೆ ಬಿಟ್ಟುಬಿಟ್ಟಿದ್ದ. ಅವನ ಹತ್ತಿರ ಒಂದು ಹಳೆಯ ಯಮಹಾ ಇತ್ತು, ನೂರು ಸಿಸಿಯದು. ಮುಂಡಗೋಡದ ಟಿಬೆಟನ್ ಕಾಲೊನಿಯ ಒಬ್ಬ ಸ್ವೆಟರ್ ವ್ಯಾಪಾರಿಯಿಂದ ಕೊಂಡಿದ್ದು. ಡಾಂಬರು ರಸ್ತೆಯಲ್ಲಿ ಹಕ್ಕಿ ಹಾರಿದಂತೆ ಹೋಗುತ್ತಿತ್ತು.

“ಚಾಚಾ, ಈ ಗಾಡಿ ಎತ್ತರ ಮಾಡಿ ಕೊಡ್ರಿ,” ಅಂದ ಕುಬೇರ. “ಸೈಲೆನ್ಸರ್ ಮ್ಯಾಲ ಏರ್ಬೇಕು. ಮುಂದಿನ ಮಡ್‌ಗಾರ್ಡು ಗಾಲಿಗೆ ಹತ್ತಿ ಇರಬಾರ್ದು. ಕಾಡಿನ ದಾರ್ಯಾಗ, ಮಳಿಗಾಲದಾಗ ಹೋಗೂಹಂಗ ಆಗ್ಬೇಕು.”

ಮನ್ಸೂರ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಬಾಗಿಲ ಮೇಲಿನ ಅಕ್ಷರಗಳತ್ತ ಬೆರಳು ತೋರಿಸಿದ.

“ತೂತು ಮಾಡ್ರಿ ಅನ್ನಾಕತ್ತಿಲ್ರಿ ನಾ.”

“ಎಲ್ಲಾ ಒಂದಽ. ಇಷ್ಟು ಚೊಲೊ ಗಾಡಿಗೆ ಗರಗಸ ಹಚ್ಚು ಅಂದ್ರ ನನ್ನ ಕೈ ಏಳೂದಿಲ್ಲ. ಬ್ಯಾರೆ ಕಡೆ ಹೋಗ್ರಿ.”

ಗ್ಯಾರೇಜಿನ ಹಿಂದೆಯೇ ಮನ್ಸೂರನ ಮನೆ. ಅವನ ಹೆಂಡತಿ ನಸೀರಾ ಎರಡು ಎಮ್ಮೆ ಸಾಕಿ ಕಾಗದದ ಮಿಲ್ಲಿನ ಕೆಲಸಗಾರರ ಮನೆಗಳಿಗೆ ಹಾಲು ಹಾಕುತ್ತಿದ್ದಳು. ಬಂದವನು ಯಾರೆಂದು ಮನ್ಸೂರ ಕೇಳಿದ್ದಕ್ಕೆ ಕುಬೇರ ಕೊಟ್ಟ ಉತ್ತರ ಗೋಡೆಯಾಚೆ ಅವಳ ಕಿವಿಗೆ ಬಿತ್ತು. ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು.

“ನೀವು ದನದ ಡಾಕ್ಟ್ರೇನ್ರಿ? ನಮ್ಮ ಎಮ್ಮಿ ಎರಡು ವರ್ಷಾತು, ಗಬ್ಬ ನಿಲ್ಲವಲ್ದು. ಒಂದೀಟು ನೋಡ್ರಿ.”

ಅವತ್ತು ಕುಬೇರನಿಗೆ ರಜೆ. ಆದರೂ ಅಂಗಿ ಕಳಚಿ, ತೋಳಿಗೆ ಸೋಪು ಹಚ್ಚಿಕೊಂಡು, ಎಮ್ಮೆಯ ಬಾಲ ಪಕ್ಕಕ್ಕೆ ಸರಿಸಿ ಮೊಣಕೈ ದಾಟುವವರೆಗೆ ಕೈ ಹಾಕಿ ನೋಡಿದ. ಗರ್ಭಕೋಶದಲ್ಲಿ ದೋಷವೇನೂ ಇಲ್ಲ, ಹೊಟ್ಟೆಯಲ್ಲಿ ಜಂತು ಇದೆ, ಮೈಯಲ್ಲಿ ಕಸುವಿಲ್ಲ ಎಂದ. ಜಂತಿನ ಔಷಧಿ ಬರೆದುಕೊಟ್ಟು, ಮೇವಿನ ಜೊತೆ ಏನು ಬೆರೆಸಬೇಕೆಂದು ಹೇಳಿದ. “ಚಳಿಗಾಲಕ್ಕ ಬೆದಿಗೆ ಬರತೈತಿ ಚಾಚಿ. ಆವಾಗ ಹೇಳಿ ಕಳಸ್ರಿ, ನಾನಽ ಬರ್ತೇನಿ,” ಎಂದು ಕೈ ತೊಳೆದುಕೊಂಡ.

ಅವನಿಗೆ ಟವೆಲು ಕೊಟ್ಟ ನಸೀರಾ ಗಂಡನ ಕಡೆ ತಿರುಗಿದಳು.

“ಅಲ್ರೀ, ಅವರು ಸುಟಿ ದಿನಾ ಬಂದು ನಮ್ಮ ಎಮ್ಮಿ ಒಳಗ ಕೈ ಹಾಕಾಕ ಹೇಸಲಿಲ್ಲ. ನೀವು ಅವರ ಗಾಡಿ ಒಳಗ ಕೈ ಹಾಕಾಕ ಹೇಸ್ತೀರೇನು?”

ಮನ್ಸೂರನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಇಲ್ಲವೆನ್ನುವುದು ಹೇಗೆ? ಗಾಡಿಯ ಸುತ್ತ ಎರಡು ಸುತ್ತು ಹಾಕಿದ. ಕುಕ್ಕರಗಾಲಲ್ಲಿ ಕೂತು ಇಂಜಿನ್ನಿನ ಅಡಿಯಲ್ಲಿ ನೋಡಿದ. ಅಲ್ಲಿ ಕಲ್ಲು ಬಡಿದ ಗುರುತುಗಳಿದ್ದವು, ಒಂದೆರಡಲ್ಲ.

“ಮಾಡಿ ಕೊಡತೀನಿ. ಆದ್ರ ಒಂದು ಮಾತು. ಕಾಡಿನ ನಡುವ ಗಾಡಿ ನಿಂತ್ರ ಅಲ್ಲಿ ಮನ್ಸೂರ ಇರೂದಿಲ್ಲ. ನೀವು ಪ್ರತಿ ಐತವಾರ ಇಲ್ಲಿಗೆ ಬರ್ಬೇಕು. ನಾ ಬಿಚ್ಚಿದ್ದು ನೀವು ಜೋಡಸ್ಬೇಕು, ನಾ ಜೋಡಿಸಿದ್ದು ನೀವು ಬಿಚ್ಚಬೇಕು. ಕಣ್ಣು ಮುಚ್ಚಿ ಕಾರ್ಬೊರೇಟರ್ ಕೂಡಸೂದು ಬಂದ ದಿನ ಗಾಡಿ ಒಯ್ರಿ.”

ಕುಬೇರ ಒಪ್ಪಿದ.

ಮರುವಾರದಿಂದ ಕೆಲಸ ಶುರುವಾಯಿತು. ಮನ್ಸೂರ ಮೊದಲು ಮುಂದಿನ ಮಡ್‌ಗಾರ್ಡು ತೆಗೆದ. ಕೆಸರಿನ ದಾರಿಯಲ್ಲಿ ಗಾಲಿಗೂ ಅದಕ್ಕೂ ನಡುವೆ ಮಣ್ಣು ತುಂಬಿ ಗಾಲಿ ತಿರುಗುವುದೇ ನಿಂತುಹೋಗುತ್ತದೆ ಎಂದು ವಿವರಿಸಿ, ಗೇಣುದ್ದ ಮೇಲೆ ಇನ್ನೊಂದು ಪ್ಲಾಸ್ಟಿಕ್ ಮಡ್‌ಗಾರ್ಡು ಬಿಗಿದ. ಹಿಂದಕ್ಕೆ ಬೇರೊಂದು ಗಾಡಿಯ ಉದ್ದನೆಯ ಸ್ಪ್ರಿಂಗಿನ ಶಾಕಪ್ ಬಂತು. ಹಳೆಯ ಎಣ್ಣೆ ಡ್ರಮ್ಮಿನ ತಗಡು ಕತ್ತರಿಸಿ ಬಡಿದು ಇಂಜಿನ್ನಿನ ಹೊಟ್ಟೆಗೆ ಕವಚ ಮಾಡಿದ. ಹಿಂದಿನ ಚೈನ್ ಚಕ್ರ ಬಿಚ್ಚಿ, ಹೆಚ್ಚು ಹಲ್ಲಿನ ಚಕ್ರ ಹಾಕಿದ. “ಇನ್ನ ಡಾಂಬರ ಮ್ಯಾಲ ಮೊದಲಿನ ಓಟ ಸಿಗೂದಿಲ್ಲ. ಆದ್ರ ಎಂಥಾ ಏರು ಬಂದ್ರೂ ಉಸಿರು ಬಿಡೂದಿಲ್ಲ,” ಎಂದ. ಟೈರುಗಳು ಹುಬ್ಬಳ್ಳಿಯಿಂದ ಬಂದವು. ಗಟ್ಟಿ ಗಟ್ಟಿ ಗುಬಟುಗಳಿದ್ದ, ಕೆಸರನ್ನು ಕಚ್ಚಿ ಹಿಡಿಯುವಂಥವು.

ಸೈಲೆನ್ಸರಿನ ಸರದಿ ಬಂದಾಗ ಮಾತ್ರ ಮನ್ಸೂರ ಗರಗಸ ಹಿಡಿದು ಬಾಗಿಲ ಮೇಲಿನ ಸಾಲನ್ನೊಮ್ಮೆ ನೋಡಿದ. ಆಮೇಲೆ ಏನೋ ಗೊಣಗಿಕೊಂಡು ಕೊಯ್ದ. ಬಾಗಿಸಿ, ಬೆಸೆದು, ಹಿಂದಿನ ತುದಿ ಸೀಟಿನ ಎತ್ತರಕ್ಕೆ ಬರುವಂತೆ ಮಾಡಿದ. ಕಾಲು ಸುಡದಂತೆ ಅದಕ್ಕೊಂದು ಜಾಳಿಗೆ ಹಾಕಿದ. ಗಾಡಿ ಚಾಲೂ ಮಾಡಿ ಕಿವಿಗೊಟ್ಟು ಕೇಳಿದಾಗ ಸದ್ದು ಮೊದಲಿನಷ್ಟೇ ಇತ್ತು. ಅದನ್ನು ನಸೀರಾಳನ್ನು ಕರೆದು ಕೇಳಿಸಿದ.

ಹೀಗೆ ಏಪ್ರಿಲ್ ಕಳೆಯಿತು. ಕುಬೇರನ ಉಗುರುಗಳ ಸಂದಿಯ ಕಪ್ಪು ವಾರವಿಡೀ ಹೋಗುತ್ತಿರಲಿಲ್ಲ. ಮೇ ತಿಂಗಳ ಒಂದು ಭಾನುವಾರ ಅವನು ಕಾರ್ಬೊರೇಟರಿನ ಸಣ್ಣ ತೂತುಗಳನ್ನು ಊದಿ ಸ್ವಚ್ಛ ಮಾಡುತ್ತಿದ್ದಾಗ ಮನ್ಸೂರ ಬೀಡಿ ಹಚ್ಚಿಕೊಂಡು ಕೇಳಿದ:

“ನಿಮ್ಮ ಸಾಹೇಬ್ರು ಯಾರೂ ಇಷ್ಟು ಮಾಡಂತ ಹೇಳಿರೂದಿಲ್ಲ. ಯಾಕ ಮಾಡಾಕತ್ತೀರಿ?”

ಕುಬೇರ ಊದುವುದನ್ನು ನಿಲ್ಲಿಸಿದ. ಯಾರಿಗೂ ಹೇಳದ ಮಾತು ಅದು. ಅವತ್ತು ಹೇಳಿದ.

ಕರಂಜೆವಾಡ ಎಂಬುದು ಉಳವಿಯಾಚೆಯ ಕಾಡಿನ ಒಳಗೆ ಗೌಳಿಗರ ಹದಿನಾಲ್ಕು ಮನೆಗಳ ವಾಡ. ಎಮ್ಮೆಗಳೇ ಅವರ ಬದುಕು. ಮಳೆಗಾಲಕ್ಕೆ ಮುಂಚೆ ಎಮ್ಮೆಗಳಿಗೆ ಗಂಟಲುಬೇನೆಯ ಲಸಿಕೆ ಹಾಕಬೇಕು. ಆ ಬೇನೆ ಬಂದರೆ ಗಂಟಲು ಬಾತು, ಗೊರ ಗೊರ ಉಸಿರೆಳೆದು, ಒಂದೇ ದಿನದಲ್ಲಿ ಎಮ್ಮೆ ಸಾಯುತ್ತದೆ. ಲಸಿಕೆಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲೇ ಒಯ್ಯಬೇಕು. ಬಿಸಿಯಾದರೆ ಅದು ಬರೀ ನೀರು. ಹೋದ ವರ್ಷ ಕುಬೇರ ಲಸಿಕೆ ತೆಗೆದುಕೊಂಡು ಹೊರಟಾಗ ಮೊದಲ ಮಳೆ ಬಿದ್ದಾಗಿತ್ತು. ಮಡ್‌ಗಾರ್ಡಿನಲ್ಲಿ ಮಣ್ಣು ತುಂಬಿ ಗಾಡಿ ನಿಂತಿತು, ಸೈಲೆನ್ಸರಿಗೆ ನೀರು ನುಗ್ಗಿತು. ಗಾಡಿ ಅಲ್ಲೇ ಬಿಟ್ಟು ಪೆಟ್ಟಿಗೆ ಹೊತ್ತು ನಡೆದ. ವಾಡ ಮುಟ್ಟುವಾಗ ಸಂಜೆ. ಮುಚ್ಚಳ ತೆಗೆದರೆ ಮಂಜುಗಡ್ಡೆ ಎಲ್ಲ ಕರಗಿ ನೀರು ಬೆಚ್ಚಗಾಗಿತ್ತು.

“ವಾಪಸ್ ಬರ್ಬೇಕಿತ್ರಿ. ಜನಾ ಎಲ್ಲಾ ಎಮ್ಮಿ ಕಟ್ಟಿ ಬೆಳಗಿಂದ ಕಾದು ನಿಂತಿದ್ರು. ಮಜ್ಜಗಿ ಕೊಟ್ರು. ನಂಗ ಬಾಯಿ ಬರಲಿಲ್ಲ. ಅದನ್ನಽ ಹಾಕಿ ಬಂದೆ. ಆಗಸ್ಟ್‌ನಾಗ ಏಳು ಎಮ್ಮಿ ಸತ್ತೂವು. ಮೂರು ಒಬ್ಬಾಕಿ ಮುದುಕೀವಽ. ಲಸಿಕಿ ಹಾಕಿದ್ರೂ ಸತ್ತೂವಂದ್ರ ಈ ಸರಕಾರಿ ಸೂಜೀನಽ ಸುಳ್ಳು ಅಂತಾರ ಈಗ ಅವರು.”

ಮನ್ಸೂರನ ಕೈಯಲ್ಲಿ ಬೀಡಿ ಆರಿಹೋಗಿತ್ತು.

“ಅವರಿಗೆ ಹೇಳೀರಿ?”

“ಇಲ್ರಿ.”

“ಗಾಡಿ ಎತ್ತರ ಮಾಡೂದು ನನ್ನ ಕೆಲಸ, ಅದನ್ನ ನಾ ಮಾಡಿದೆ. ಆ ಮಾತು ಒಯ್ಯಾವ್ರು ನೀವಽ. ಅದಕ್ಕ ನನ್ನ ಕಡೆ ಪಾನಾ ಇಲ್ಲ.”

ಆಮೇಲೆ ಅವನು ಎದ್ದು ಸೀಟಿನ ಹಿಂದೆ ಕಬ್ಬಿಣದ ಚೌಕಟ್ಟು ಕೂಡಿಸುವ ಕೆಲಸಕ್ಕೆ ತೊಡಗಿದ. ಮಂಜುಗಡ್ಡೆಯ ಪೆಟ್ಟಿಗೆಗೆ ಅಳತೆ ಹಿಡಿದು ಮಾಡಿದ್ದು. ಒಳಗೆ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಅಡ್ಡಡ್ಡ ಕಟ್ಟಿದ. ಗಾಡಿ ಎಷ್ಟು ಕುಲುಕಿದರೂ ಪೆಟ್ಟಿಗೆ ತೊಟ್ಟಿಲಲ್ಲಿ ಕೂತಂತೆ ಕೂರಬೇಕೆಂದು ಅವನ ಲೆಕ್ಕ.

ಮೇ ಕೊನೆಯ ಭಾನುವಾರ ಕುಬೇರ ಕಣ್ಣು ಮುಚ್ಚಿ ಕಾರ್ಬೊರೇಟರ್ ಕೂಡಿಸಿ ಗಾಡಿ ಒಯ್ದ. ಜೂನ್ ಎರಡನೇ ವಾರ ಲಸಿಕೆ ಬಂತು. ಮಳೆಯೂ ಬಂತು. ಬೆಳಿಗ್ಗೆ ಆರಕ್ಕೆ ಕುಬೇರ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ತುಂಬಿ, ಬಾಟಲಿಗಳನ್ನು ನಡುವೆ ಇಟ್ಟು, ಟ್ಯೂಬಿನಿಂದ ಬಿಗಿದು ಹೊರಟ. ಡಾಂಬರು ಮುಗಿಯುವವರೆಗೆ ತೊಂದರೆಯಿರಲಿಲ್ಲ. ಕಾಡಿನ ದಾರಿ ಹಿಡಿದ ಮೇಲೆ ಗಾಡಿ ಬೇರೆಯೇ ಪ್ರಾಣಿಯಾಯಿತು. ಹೋದ ವರ್ಷ ಹೂತುಹೋಗಿದ್ದ ಕೆಂಪು ಕೆಸರಿನಲ್ಲಿ ಟೈರು ಕಚ್ಚಿಕೊಂಡು, ಮಣ್ಣನ್ನು ಹಿಂದಕ್ಕೆ ಎಸೆಯುತ್ತ ಏರಿತು. ಬಂಡೆಯೊಂದು ಹೊಟ್ಟೆಗೆ ಬಡಿದು ತಗಡು ಠಣ್ ಎಂದಾಗ ಕುಬೇರ ಬಗ್ಗಿ ನೋಡಿದ. ಗಾಡಿಗೆ ಏನೂ ಆಗಲಿಲ್ಲ. ಅವನಿಗೆ ಗೊತ್ತಿಲ್ಲದೆಯೇ ಬಾಯಿಂದ ಸಿಳ್ಳೆ ಹೊರಟಿತು.

ಆ ಸಿಳ್ಳೆ ಹಳ್ಳದವರೆಗೆ ಮಾತ್ರ. ನೀರು ಮೊಣಕಾಲೆತ್ತರ ಹರಿಯುತ್ತಿತ್ತು. ಸೈಲೆನ್ಸರು ಮೇಲಿದೆಯೆಂಬ ಧೈರ್ಯದಲ್ಲಿ ನೇರ ಇಳಿಸಿದ. ನಡುನೀರಿನಲ್ಲಿ ಮುಂದಿನ ಗಾಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿತು. ಗಾಡಿ ಪಕ್ಕಕ್ಕೆ ಮಲಗಿತು. ಇಂಜಿನ್ನು ಒಂದು ಗುಟುಕು ನೀರು ಕುಡಿದು ಸುಮ್ಮನಾಯಿತು. ಕುಬೇರ ಎದೆಮಟ್ಟ ತೋಯ್ದು, ಹೇಗೋ ಎತ್ತಿ ಆಚೆ ದಂಡೆಗೆ ನೂಕಿದ. ಮೊದಲು ಪೆಟ್ಟಿಗೆ ಮುಟ್ಟಿ ನೋಡಿದ. ಮುಚ್ಚಳ ಬಿಗಿಯಾಗಿತ್ತು. ಇನ್ನೂ ಒಂಬತ್ತು ಗಂಟೆಯೂ ಆಗಿರಲಿಲ್ಲ.

ಅವಸರದಲ್ಲಿ ಕಿಕ್ ಹೊಡೆಯಲು ಕಾಲೆತ್ತಿದವನು ತಡೆದುಕೊಂಡ. ನೀರು ಕುಡಿದ ಇಂಜಿನ್ನಿಗೆ ಹಾಗೇ ಒದ್ದರೆ ಒಳಗಿನದು ಮುರಿಯುತ್ತದೆ ಎಂದು ಮನ್ಸೂರ ಎರಡು ಭಾನುವಾರ ಹೇಳಿದ್ದ. ಪೆಟ್ರೋಲ್ ಬಂದ್ ಮಾಡಿದ. ಪ್ಲಗ್ಗು ಬಿಚ್ಚಿದ. ಆಮೇಲೆ ಕಿಕ್ ಹೊಡೆದ. ಪ್ಲಗ್ಗಿನ ತೂತಿನಿಂದ ನೀರು ಚಿಮ್ಮಿ ಮುಖಕ್ಕೆ ರಾಚಿತು. ನೀರು ನಿಲ್ಲುವವರೆಗೆ ಒದ್ದ. ಕಾರ್ಬೊರೇಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಇಳಿಸಿದ. ಗಾಳಿ ಸೋಸುವ ಸ್ಪಂಜನ್ನು ಹಿಂಡಿದ. ಮೈಮೇಲೆ ಒಣಗಿದ ಬಟ್ಟೆ ಒಂದೂ ಇರಲಿಲ್ಲ. ಸೀಟಿನ ಅಡಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಅರಿವೆಯಿಂದ ಪ್ಲಗ್ಗು ಒರೆಸಿ ಮತ್ತೆ ಕೂಡಿಸಿದ. ಮೊದಲ ಕಿಕ್ಕಿಗೆ ಏನೂ ಇಲ್ಲ. ಐದನೆಯದಕ್ಕೆ ಕೆಮ್ಮಿತು. ಎಂಟನೆಯದಕ್ಕೆ ಬಿಳಿ ಹೊಗೆ ಕಾರುತ್ತ ಚಾಲೂ ಆಯಿತು. ಆ ಕಾಡಿನಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ಅವನು ಅವರನ್ನು ಅಪ್ಪಿಕೊಳ್ಳುತ್ತಿದ್ದ.

ಕರಂಜೆವಾಡ ಮುಟ್ಟಿದಾಗ ಹತ್ತೂವರೆ.

ಈ ಸಲ ಯಾರೂ ಕಾದು ನಿಂತಿರಲಿಲ್ಲ. ಗಾಡಿಯ ಸದ್ದಿಗೆ ಹೊರಬಂದ ಹೆಂಗಸರು ಅವನ ಮುಖ ನೋಡಿ ಒಳಗೆ ಹೋದರು. ಧರ್ಮಿಬಾಯಿ ಮಾತ್ರ ತನ್ನ ಕೊಟ್ಟಿಗೆಯ ಮುಂದೆ ಕೂತಿದ್ದಳು. ವಾಡದಲ್ಲಿ ಅವಳೇ ಹಿರಿಯಳು. ಹೋದ ವರ್ಷ ಮೂರು ಎಮ್ಮೆ ಕಳೆದುಕೊಂಡವಳು ಅವಳೇ. ಪಕ್ಕದಲ್ಲಿ ಅವಳ ತಮ್ಮನ ಮಗ ಧಾಕು, ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು ನಿಂತಿದ್ದ.

“ಯಾಕ ಬಂದಿ?” ಎಂದಳು ಧರ್ಮಿಬಾಯಿ. ಅವಳ ಕನ್ನಡದಲ್ಲಿ ಮರಾಠಿಯ ಎಳೆತವಿತ್ತು. “ನಿನ್ನ ಸೂಜಿ ನಮಗ ಬ್ಯಾಡ.”

ಕುಬೇರ ಪೆಟ್ಟಿಗೆಯನ್ನು ಬಿಚ್ಚದೆ ಗಾಡಿಯ ಮೇಲೇ ಬಿಟ್ಟ. ಅವಳ ಎದುರು ನೆಲದ ಮೇಲೆ ಕೂತ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

“ಬಾಯಿ, ಹೋದ ವರ್ಷ ಲಸಿಕಿ ಕೆಟ್ಟಿತ್ತು. ಬರ್ಫ ಕರಗಿ ಕೆಟ್ಟಿತ್ತು. ನಂಗ ಗೊತ್ತಿತ್ತು. ಗೊತ್ತಿದ್ದಽ ಹಾಕಿದೆ. ತಪ್ಪು ಸೂಜೀದಲ್ಲ, ನಂದು.”

ಧಾಕು ಕೊಡಲಿ ಕೆಳಗಿಳಿಸಿದ. ಹೊಡೆಯುತ್ತಾನೆಂದು ಕುಬೇರ ಅಂದುಕೊಂಡ, ಏಳಲಿಲ್ಲ. ಧಾಕು ಮರಾಠಿಯಲ್ಲಿ ಒಂದು ಕೆಟ್ಟ ಮಾತಾಡಿ, ಉಗುಳಿ, ತನ್ನ ಮನೆಯ ಕಡೆ ನಡೆದುಬಿಟ್ಟ. ಒಳಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಹೊರಬಂದು ನಿಂತರು.

ಧರ್ಮಿಬಾಯಿ ಅವನನ್ನೇ ನೋಡುತ್ತಿದ್ದಳು.

“ಅವು ಮೂರಕ್ಕೂ ಹೆಸರಿದ್ವು,” ಎಂದಳು. ಮೂರೂ ಹೆಸರು ಹೇಳಿದಳು. ಕುಬೇರ ತಲೆ ತಗ್ಗಿಸಿ ಕೇಳಿಸಿಕೊಂಡ.

“ಇವತ್ತ?”

“ಇವತ್ತ ಐತಿ ಬಾಯಿ, ಬರ್ಫ. ನೀನಽ ನೋಡು.”

ಅವಳು ಕೋಲೂರಿ ಎದ್ದು ಗಾಡಿಯ ಹತ್ತಿರ ಬಂದಳು. ಕುಬೇರ ಮುಚ್ಚಳ ತೆಗೆದ. ಅವಳು ಬಳೆಗಳ ಸಮೇತ ಕೈಯನ್ನು ಒಳಗೆ ಇಳಿಬಿಟ್ಟಳು, ಮಂಜುಗಡ್ಡೆಯನ್ನು ಹಿಡಿದಳು. ತಡೆಯಲಾರದಷ್ಟು ತಣ್ಣಗಾಗುವವರೆಗೆ ಹಿಡಿದೇ ಇದ್ದಳು. ಕೈ ತೆಗೆದು, ಕೆಂಪಾದ ಬೆರಳುಗಳನ್ನು ಬಾಯಿಯ ಹತ್ತಿರ ಒಯ್ದು ಊದಿಕೊಂಡಳು. ಸುತ್ತಲಿದ್ದ ಹೆಂಗಸರಿಗೆ ಏನೋ ಹೇಳಿದಳು. ಅವರಲ್ಲೊಬ್ಬಳು ಬಂದು ತಾನೂ ಮುಟ್ಟಿ ನೋಡಿದಳು. ಇನ್ನೊಬ್ಬಳೂ ಬಂದಳು.

“ಬೇಗ ಮುಚ್ಚಬೇಕು ಬಾಯಿ, ಹಿಂಗ ಎಲ್ಲಾರೂ ಮುಟ್ಟಿದ್ರ ಕರಗತೈತಿ,” ಅಂದ ಕುಬೇರ.

ಅದಕ್ಕೆ ಧರ್ಮಿಬಾಯಿ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. “ಮೊದಲ ನನ್ನವಕ್ಕ ಹಾಕು,” ಎಂದಳು.

ಮಧ್ಯಾಹ್ನದ ಹೊತ್ತಿಗೆ ಹದಿಮೂರು ಮನೆಗಳ ಎಮ್ಮೆಗಳಿಗೆ ಲಸಿಕೆಯಾಯಿತು. ಧಾಕುವಿನ ಬಾಗಿಲು ತೆರೆಯಲಿಲ್ಲ. ಕುಬೇರ ಹೋಗಿ ಕರೆದ, ಒಳಗಿನಿಂದ ಉತ್ತರ ಬರಲಿಲ್ಲ. ಎರಡನೇ ಸಲ ಕರೆಯುವ ಹಕ್ಕು ತನಗಿಲ್ಲವೆನ್ನಿಸಿ ಮರಳಿದ. ಅವತ್ತು ಯಾರೂ ಮಜ್ಜಿಗೆ ಕೊಡಲಿಲ್ಲ. ಆದರೂ ಇಳಿದು ಬರುವಾಗ ಅವನ ಮೈ ಹಗುರಾಗಿತ್ತು. ಭಾನುವಾರ ದಾಂಡೇಲಿಗೆ ಹೋಗಿ ಎಲ್ಲ ಹೇಳಿದಾಗ ಮನ್ಸೂರ ಮೊದಲು ಕೇಳಿದ್ದು, “ಹಳ್ಳದಾಗ ನೇರಾ ಯಾಕ ಇಳಿಸಿದ್ರಿ?” ಎಂದು. ಬೈಯುತ್ತಲೇ ಚೈನು ಬಿಚ್ಚಿ ಎಣ್ಣೆಯಲ್ಲಿ ನೆನೆಹಾಕಿದ. ಗಾಲಿಗಳ ಬೇರಿಂಗಿನಲ್ಲಿ ನೀರು ಸೇರಿದೆಯೆಂದು ಅವನ್ನೂ ತೆಗೆಸಿ ಗ್ರೀಸು ತುಂಬಿಸಿದ. ನಸೀರಾ ಮಾತ್ರ, “ಆ ಮುದುಕಿ ದೊಡ್ಡಾಕಿ,” ಎಂದು ಒಂದೇ ಮಾತು ಹೇಳಿದಳು.

ಜುಲೈ ಕೊನೆಗೆ ತಗ್ಗಿನ ಊರೊಂದರಲ್ಲಿ ಗಂಟಲುಬೇನೆ ಕಾಣಿಸಿಕೊಂಡಿತು. ಸುದ್ದಿ ಕಾಡಿನೊಳಗೂ ಹೋಯಿತು. ಎರಡು ದಿನ ಬಿಟ್ಟು, ಬೆಳಿಗ್ಗೆ ಚಿಕಿತ್ಸಾಲಯದ ಬಾಗಿಲು ತೆಗೆಯಲು ಕುಬೇರ ಬಂದಾಗ ಮೆಟ್ಟಿಲ ಮೇಲೆ ಯಾರೋ ಕಂಬಳಿ ಕೊಪ್ಪೆ ಹೊದ್ದು, ಕೊಡಲಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ಧಾಕು. ಉಳವಿಯವರೆಗೆ ನಡೆದು, ಹಿಂದಿನ ಸಂಜೆಯ ಬಸ್ಸಿಗೆ ಬಂದಿದ್ದ. ಕಾಲುಗಳಿಂದ ಜಿಗಣೆ ಕಿತ್ತ ಜಾಗಗಳಲ್ಲಿ ರಕ್ತ ಒಸರುತ್ತಿತ್ತು.

“ನನ್ನ ನಾಕು ಎಮ್ಮಿ ಸೂಜಿ ಇಲ್ದ ಉಳದಾವ,” ಎಂದ. ಕುಬೇರನ ಮುಖ ನೋಡಲಿಲ್ಲ. “ಬಾಕಿ ಎಲ್ಲಾರ್ವೂ ಚೊಲೊ ಅದಾವು.”

“ನಡೀರಿ, ಹೋಗೂಣು,” ಅಂದ ಕುಬೇರ.

ಫ್ರಿಜ್ಜಿನಲ್ಲಿ ಒಂದು ಬಾಟಲಿ ಉಳಿದಿತ್ತು. ಪೆಟ್ಟಿಗೆ ಕಟ್ಟಿದ. ಧಾಕು ಜೀವಮಾನದಲ್ಲಿ ಮೋಟಾರ್ ಸೈಕಲ್ ಹತ್ತಿದವನಲ್ಲ. ಎತ್ತರದ ಸೀಟಿಗೆ ಕಾಲು ಹಾಕಲು ಎರಡು ಸಲ ಸೋತು, ಮೂರನೇ ಸಲ ಕಟ್ಟೆಯ ಮೇಲೆ ನಿಂತು ಹತ್ತಿದ. ಮೊದಲ ತಿರುವಿನಲ್ಲಿ ಕುಬೇರನ ಅಂಗಿಯನ್ನು ಹರಿಯುವಂತೆ ಹಿಡಿದ. ಕಾಡಿನ ದಾರಿಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಭುಜ ತಟ್ಟಿ ನಿಲ್ಲಿಸಿದ.

“ಹಳ್ಳ ಈಗ ಎದಿಮಟ್ಟ ಐತಿ. ನಿನ್ನ ಗಾಡಿ ದಾಟೂದಿಲ್ಲ. ಇಲ್ಲಿಂದ ಮ್ಯಾಲ ಹೋಗೂಣು.”

ಅವನು ತೋರಿಸಿದ ಕಡೆ ಕುಬೇರನಿಗೆ ಪೊದೆಗಳು ಮಾತ್ರ ಕಂಡವು. ಧಾಕು ಇಳಿದು ಕೊಡಲಿಯಿಂದ ಎರಡು ಕೊಂಬೆ ಸರಿಸಿದ. ಅವುಗಳ ಹಿಂದೆ ಒಂದು ಕಾಲುದಾರಿ ಇತ್ತು. ಎಮ್ಮೆಗಳು ನಡೆದು ನಡೆದು ಆದದ್ದು, ಗುಡ್ಡದ ನೆತ್ತಿಯ ಕಡೆ ಸಾಗಿತ್ತು.

“ಹತ್ತತೈತೇನು?” ಎಂದು ಧಾಕು ಕೇಳಿದ.

“ಹತ್ತತೈತಿ. ನೀವು ಮುಂದ ನಡದ್ರ.”

ಧಾಕು ಮುಂದೆ ನಡೆದ. ಬೇರುಗಳಿದ್ದಲ್ಲಿ ಕೈಯೆತ್ತಿ ನಿಲ್ಲಿಸಿದ, ಮಣ್ಣು ಗಟ್ಟಿಯಿದ್ದಲ್ಲಿ ಕರೆದ. ಕುಬೇರ ಮೊದಲ ಗೇರಿನಲ್ಲಿ, ಸೀಟಿನಿಂದ ಎದ್ದು ನಿಂತು, ಅವನ ಹಿಂದೆ ಹಿಂದೆಯೇ ಗಾಡಿ ಏರಿಸಿದ. ಒಂದು ಕಡೆ ಹಿಂದಿನ ಗಾಲಿ ತಿರುಗಿ ತಿರುಗಿ ಕುಳಿ ತೋಡಿದಾಗ ಧಾಕು ಹಿಂದೆ ಬಂದು ಹೆಗಲು ಕೊಟ್ಟು ನೂಕಿದ. ಮುಖದ ತುಂಬ ಕೆಸರು ಬಿತ್ತು. ಒರೆಸಿಕೊಳ್ಳದೆ ಮತ್ತೆ ಮುಂದೆ ಹೋದ.

ನೆತ್ತಿ ಮುಟ್ಟಿದಾಗ ಮಳೆ ಸ್ವಲ್ಪ ಬಿಟ್ಟಿತ್ತು. ಕೆಳಗೆ ಹುಲ್ಲುಮಾಡುಗಳಿಂದ ಹೊಗೆ ಏಳುತ್ತಿತ್ತು. ಧಾಕು ತಾನಾಗಿಯೇ ಹಿಂದಿನ ಸೀಟು ಹತ್ತಿದ, ಈ ಸಲ ಒಂದೇ ಪ್ರಯತ್ನಕ್ಕೆ.

“ಇನ್ನ ಇಳಿಜಾರು,” ಎಂದ. “ಸಾವಕಾಶ ಹೋಗು. ಬಾಯಿ ಮಜ್ಜಗಿ ಮಾಡಿ ಇಟ್ಟಿರತಾಳ.”

ಕುಬೇರ ಮೊದಲ ಗೇರಿನಲ್ಲೇ ಗಾಡಿ ಇಳಿಸಿದ.